ಆರ್ಸ್ ಎಲೆಕ್ಟ್ರೋನಿಕಾ ನೋಡುವುದು ಹೇಗೆ: ಲಿಂಟ್ಸ್‌ಗೆ ಹೊರಟವರಿಗೆ ಒಂದು ಕೈಪಿಡಿ

ಮ್ಯೂನಿಕ್, ವಿಯೆನ್ನಾ ಕಡೆ ಓದಲು, ಕೆಲಸ ಮಾಡಲು ಬಂದಿರುವ ಕನ್ನಡಿಗರಿಗೆ ಆಸ್ಟ್ರಿಯಾದ ಲಿಂಟ್ಸ್ ಅಂದರೆ ರೈಲಿನ ಕಿಟಕಿಯಲ್ಲಿ ಬಂದು ಹೋಗುವ ಒಂದು ನಿಲ್ದಾಣ. ರಜೆ ಸಿಕ್ಕರೆ ಸಾಲ್ಜ್‌ಬರ್ಗ್‌ಗೆ ಹೋಗುತ್ತಾರೆ, ಹಾಲ್‌ಸ್ಟಾಟ್‌ಗೆ ಹೋಗುತ್ತಾರೆ. ಉಕ್ಕಿನ ಕಾರ್ಖಾನೆಯ ಊರಲ್ಲಿ ಇಳಿದು ಏನು ಮಾಡುವುದು ಅಂತ ಮುಂದೆ ಹೋಗಿಬಿಡುತ್ತಾರೆ. ಆದರೆ ಸೆಪ್ಟೆಂಬರ್ ಶುರುವಿನ ಐದು ದಿನ ಈ ಊರಿನ ಕಥೆಯೇ ಬೇರೆ. ಕಲೆ, ತಂತ್ರಜ್ಞಾನ, ಸಮಾಜ ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡುವ ಆರ್ಸ್ ಎಲೆಕ್ಟ್ರೋನಿಕಾ ಹಬ್ಬ ನಡೆಯುವುದು ಆಗ. ಚರ್ಚಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ, ಮ್ಯೂಸಿಯಂನಲ್ಲಿ ರೋಬೋ, ನದಿಯ ದಡದಲ್ಲಿ ಸಾವಿರಾರು ಜನರ ಮುಂದೆ ಬೆಳಕು ಮತ್ತು ಶಬ್ದದ ಆಟ, ಎಲ್ಲವೂ ಇರುತ್ತವೆ.

ಇಷ್ಟೆಲ್ಲ ಇರುವುದೇ ಇದರ ತೊಂದರೆ ಕೂಡ. ಏನೂ ಯೋಚಿಸದೆ ಹೋದವರು ಇಡೀ ದಿನ ಓಡಾಡಿ, ಕಾಲು ನೋಯಿಸಿಕೊಂಡು, ಒಂದೂ ಪ್ರದರ್ಶನವನ್ನು ಪೂರ್ತಿ ನೋಡದೆ ವಾಪಸ್ ಬರುತ್ತಾರೆ. ನಮ್ಮ ಜಾತ್ರೆಯಲ್ಲಿ ತೇರು ಎಳೆಯುವುದಕ್ಕೆ ಒಂದು ಹೊತ್ತು ಅಂತ ಇರುತ್ತದೆ, ಬಳೆ ಅಂಗಡಿ, ಮಂಡಕ್ಕಿ ಅಂಗಡಿ ದಿನವಿಡೀ ತೆರೆದಿರುತ್ತವೆ. ಇಲ್ಲೂ ಹಾಗೇ. ಹೊತ್ತು ಇರುವುದನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ದಿನವಿಡೀ ಇರುವುದನ್ನು ಅದರ ನಡುವೆ ನೋಡಬೇಕು. ಈ ಕೈಪಿಡಿಯ ಮುಖ್ಯ ಮಾತು ಇದೇ. ಉಳಿದದ್ದೆಲ್ಲ ಇದನ್ನು ಮಾಡುವುದು ಹೇಗೆ ಅನ್ನುವುದು.

ಹೋಗುವ ಮೊದಲು ಇಷ್ಟು ತಿಳಿದಿರಲಿ

ಈ ಹಬ್ಬ ಶುರುವಾಗಿದ್ದು 1979ರ ಸೆಪ್ಟೆಂಬರ್ 18ರಂದು. ಆಗ ಮನೆಗಳಲ್ಲಿ ಕಂಪ್ಯೂಟರ್ ಇರುವುದೇ ಅಪರೂಪ, ಇಂಟರ್ನೆಟ್ ಅಂತೂ ಕೇಳಲೇಬೇಡಿ. ಊರಿನ ತುಂಬ ಉಕ್ಕಿನ ಕಾರ್ಖಾನೆಯ ಹೊಗೆ. ಸಂಗೀತದ ಹಬ್ಬಗಳಿಗೆ ಹೆಸರಾದ ಸಾಲ್ಜ್‌ಬರ್ಗ್ ಒಂದು ಕಡೆ, ವಿಯೆನ್ನಾ ಇನ್ನೊಂದು ಕಡೆ. ನಡುವೆ ಸಿಕ್ಕಿಕೊಂಡ ಲಿಂಟ್ಸ್‌ಗೆ ತನ್ನದೇ ಆದ ಏನಾದರೂ ಬೇಕಿತ್ತು. ಆಸ್ಟ್ರಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಓಆರ್‌ಎಫ್‌ನ ಸ್ಥಳೀಯ ಸ್ಟುಡಿಯೋದಲ್ಲಿದ್ದ ಹಾನ್ನೆಸ್ ಲಿಯೋಪೋಲ್ಡ್‌ಸೆಡರ್, ಎಲೆಕ್ಟ್ರಾನಿಕ್ ಸಂಗೀತಗಾರ ಹುಬರ್ಟ್ ಬೋಗ್ನರ್‌ಮಾಯರ್, ಕಂಪ್ಯೂಟರ್ ಚಿತ್ರಕಲೆಯ ಹಿರಿಯರಲ್ಲಿ ಒಬ್ಬರಾದ ಹರ್ಬರ್ಟ್ ಡಬ್ಲ್ಯೂ. ಫ್ರಾಂಕೆ, ಸಂಗೀತ ನಿರ್ಮಾಪಕ ಉಲ್ರಿಶ್ ರ್ಯುಟ್ಜೆಲ್ ಸೇರಿ ಇದನ್ನು ಹುಟ್ಟುಹಾಕಿದರು. 1986ರಿಂದ ಪ್ರತಿ ವರ್ಷ ನಡೆಯುತ್ತಿದೆ.

1987ರಿಂದ ಇದರ ಜೊತೆಗೆ ಒಂದು ಪ್ರಶಸ್ತಿಯೂ ಇದೆ, ಪ್ರಿ ಆರ್ಸ್ ಎಲೆಕ್ಟ್ರೋನಿಕಾ. ಗೆದ್ದವರಿಗೆ ರೆಕ್ಕೆ ಇರುವ ಒಂದು ಚಿನ್ನದ ಬಣ್ಣದ ಮೂರ್ತಿ ಕೊಡುತ್ತಾರೆ, ಅದರ ಹೆಸರು ಗೋಲ್ಡನ್ ನಿಕಾ. ಮೊದಲ ವರ್ಷ ಅನಿಮೇಶನ್‌ಗೆ ಅದನ್ನು ಪಡೆದವರು ಪಿಕ್ಸಾರ್‌ನ ಜಾನ್ ಲ್ಯಾಸೆಟರ್. 1999ರಲ್ಲಿ ಲಿನಕ್ಸ್ ಎಂಬ ಕಂಪ್ಯೂಟರ್ ತಂತ್ರಾಂಶಕ್ಕೆ ಬಂತು, 2004ರಲ್ಲಿ ವಿಕಿಪೀಡಿಯಕ್ಕೆ ಬಂತು. ಲಿನಕ್ಸ್ ಕಲೆ ಹೇಗಾಯಿತು ಅಂತ ಆಗ ಜಗಳವೂ ಆಯಿತು. ಆ ಜಗಳ ಇಂದಿಗೂ ಮುಗಿದಿಲ್ಲ. ಇಲ್ಲಿಗೆ ಬಂದರೆ ನಿಮಗೂ ಅದೇ ಅನುಮಾನ ಬರುತ್ತದೆ: ಇದು ಕಲೆಯಾ, ಎಂಜಿನಿಯರಿಂಗಾ, ಇಲ್ಲ ಕಾಲೇಜು ಪ್ರಾಜೆಕ್ಟಾ? ಅನುಮಾನ ಬಂದರೆ ಬರಲಿ ಬಿಡಿ, ಅದಕ್ಕೆಂದೇ ಈ ಹಬ್ಬ ಇರುವುದು.

1. ತಾರೀಖು ನೋಡಿ ರಜೆ ಹಾಕಿ

ಹಬ್ಬ ಸಾಮಾನ್ಯವಾಗಿ ಸೆಪ್ಟೆಂಬರ್ ಮೊದಲ ಅಥವಾ ಎರಡನೇ ವಾರದಲ್ಲಿ, ಬುಧವಾರದಿಂದ ಭಾನುವಾರದವರೆಗೆ. 2024ರಲ್ಲಿ 4ರಿಂದ 8, 2025ರಲ್ಲಿ 3ರಿಂದ 7. ಪ್ರತಿ ವರ್ಷ ಒಂದು ವಿಷಯ ಇರುತ್ತದೆ. 2023ರ ವಿಷಯ ಸತ್ಯ ಯಾರ ಸ್ವತ್ತು ಎಂಬ ಪ್ರಶ್ನೆ. 2024ರದು ಭರವಸೆ. 2025ರದು ಗಾಬರಿಯಾಗಬೇಕೋ ಬೇಡವೋ ಎಂಬುದು.

ಐದು ದಿನವೂ ಇರಬೇಕಾಗಿಲ್ಲ. ನನ್ನನ್ನು ಕೇಳಿದರೆ ಶುಕ್ರವಾರ ಮತ್ತು ಶನಿವಾರ ಒಳ್ಳೆಯ ಜೋಡಿ. ಶುಕ್ರವಾರ ಜನ ಸ್ವಲ್ಪ ಕಡಿಮೆ ಇರುವುದರಿಂದ ಪ್ರದರ್ಶನಗಳನ್ನು ನಿಧಾನವಾಗಿ ನೋಡಬಹುದು. ಶನಿವಾರ ರಾತ್ರಿ ನದಿಯ ದಡದ ದೊಡ್ಡ ಕಾರ್ಯಕ್ರಮ ಸಿಗುತ್ತದೆ. ಭಾನುವಾರ ಮಾತ್ರ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅವತ್ತು ಎಲ್ಲರೂ ಸುಸ್ತಾಗಿರುತ್ತಾರೆ. ಕಲಾವಿದರಂತೂ ಜಾಸ್ತಿ.

2. ವೀಸಾ, ರೈಲು, ರೂಮು

ಜರ್ಮನಿಯ ರೆಸಿಡೆನ್ಸ್ ಕಾರ್ಡ್ ಇದ್ದವರಿಗೆ ಆಸ್ಟ್ರಿಯಾಗೆ ಬೇರೆ ವೀಸಾ ಬೇಡ. ಆದರೆ ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡನ್ನೂ ಇಟ್ಟುಕೊಳ್ಳಿ. ವಾಪಸ್ ಬರುವಾಗ ಗಡಿಯಲ್ಲಿ ಪೊಲೀಸರು ರೈಲು ಹತ್ತಿ ಕೇಳುವುದುಂಟು. ಬೆಂಗಳೂರಿನಿಂದ ನೇರವಾಗಿ ಬರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯುರೋ ಆರೋಗ್ಯ ವಿಮೆ ಕಡ್ಡಾಯ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಹಾಗಾಗಿ ಸೆಪ್ಟೆಂಬರ್ ಹಬ್ಬಕ್ಕೆ ಮೇ ತಿಂಗಳಲ್ಲೇ ಕಾಗದಪತ್ರ ಸಿದ್ಧ ಮಾಡಿಟ್ಟುಕೊಳ್ಳಿ.

ವಿಯೆನ್ನಾದಿಂದ ಲಿಂಟ್ಸ್‌ಗೆ ವೇಗದ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಮ್ಯೂನಿಕ್‌ನಿಂದ ಸುಮಾರು ಮೂರು ಗಂಟೆ. ಡಾಯ್ಚ್‌ಲಾಂಡ್ ಟಿಕೆಟ್ ಎಂಬ ಜರ್ಮನಿಯ ತಿಂಗಳ ಪಾಸ್ ಇರುವವರು ಪ್ರಾದೇಶಿಕ ರೈಲಿನಲ್ಲಿ ಸಾಲ್ಜ್‌ಬರ್ಗ್‌ವರೆಗೆ ಅದರಲ್ಲೇ ಬರಬಹುದು. ಅಲ್ಲಿಂದ ಲಿಂಟ್ಸ್‌ಗೆ ಬೇರೆ ಟಿಕೆಟ್ ತಗೊಂಡರೆ ಒಂದು ಗಂಟೆ ಚಿಲ್ಲರೆಯ ದಾರಿ. ಆಸ್ಟ್ರಿಯಾದ ಒಬಿಬಿ ರೈಲ್ವೆಯ ಶ್ಪಾರ್‌ಶೀನೆ ಎಂಬ ಅಗ್ಗದ ಟಿಕೆಟ್ ಮುಂಚಿತವಾಗಿ ತೆಗೆದುಕೊಂಡವರಿಗೆ ಮಾತ್ರ ಸಿಗುತ್ತದೆ. ಅದು ಆ ಒಂದು ರೈಲಿಗೆ ಮಾತ್ರ ನಡೆಯುತ್ತದೆ, ಹಾಗಾಗಿ ಹೋಗುವಾಗ ಅದು ಸರಿ. ಬರುವಾಗ ಬೇಡ. ರಾತ್ರಿ ಪ್ರದರ್ಶನ ಮುಗಿಯುವುದು ಯಾವಾಗ ಅಂತ ಯಾರಿಗೆ ಗೊತ್ತು?

ಲಿಂಟ್ಸ್ ಸುಮಾರು ಎರಡು ಲಕ್ಷ ಜನರ ಊರು. ಹಬ್ಬದ ವಾರ ಹೋಟೆಲ್ ತುಂಬಿ ಹೋಗುತ್ತವೆ, ಬೆಲೆಯೂ ಏರುತ್ತದೆ. ಜುಲೈ ಒಳಗೆ ರೂಮು ಹಿಡಿಯಿರಿ. ತಡವಾದರೆ ಪಕ್ಕದ ವೆಲ್ಸ್ ಊರಿನಲ್ಲಿ ನೋಡಿ, ರೈಲಿನಲ್ಲಿ ಕಾಲು ಗಂಟೆ, ಇಪ್ಪತ್ತು ನಿಮಿಷ ಅಷ್ಟೇ. ಆದರೆ ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಕೊಂಡಿರಿ.

ಹಬ್ಬಕ್ಕೆ ಒಂದು ದಿನದ ಟಿಕೆಟ್, ಪೂರ್ತಿ ಹಬ್ಬದ ಪಾಸ್ ಎರಡೂ ಇರುತ್ತವೆ. ಬೇಗ ತೆಗೆದುಕೊಂಡರೆ ಕಡಿಮೆಗೆ ಬರುತ್ತವೆ, ವಿದ್ಯಾರ್ಥಿಗಳಿಗೆ ರಿಯಾಯಿತಿಯೂ ಇರುತ್ತದೆ. ಐಡಿ ಕಾರ್ಡ್ ಮರೆಯಬೇಡಿ. ಊರಿನ ಬೀದಿ, ಚೌಕ, ನದಿ ದಡದಲ್ಲಿ ನಡೆಯುವ ಎಷ್ಟೋ ಕಾರ್ಯಕ್ರಮಗಳಿಗೆ ಟಿಕೆಟ್ಟೇ ಬೇಡ. ದುಡ್ಡು ಕಡಿಮೆ ಇರುವವರು ಒಂದು ದಿನದ ಟಿಕೆಟ್ ತಗೊಂಡು, ಇನ್ನೊಂದು ದಿನ ಬರೀ ಉಚಿತವಾದದ್ದನ್ನು ನೋಡಿದರೂ ನಷ್ಟವಿಲ್ಲ.

3. ಊರಿನ ನಕ್ಷೆಯನ್ನು ತಲೆಗೆ ಹಾಕಿಕೊಳ್ಳಿ

ರೈಲು ನಿಲ್ದಾಣ ದಕ್ಷಿಣಕ್ಕೆ, ಡ್ಯಾನ್ಯೂಬ್ ನದಿ ಉತ್ತರಕ್ಕೆ. ನಡುವೆ ಉದ್ದಕ್ಕೆ ಲಾಂಡ್‌ಸ್ಟ್ರಾಸೆ ಎಂಬ ಅಂಗಡಿ ಬೀದಿ. ನಿಲ್ದಾಣದ ನೆಲಮಾಳಿಗೆಯಲ್ಲೇ ಟ್ರಾಮ್ ಸಿಗುತ್ತದೆ. ಹಾಪ್ಟ್‌ಪ್ಲಾಟ್ಸ್ ಎಂಬ ದೊಡ್ಡ ಚೌಕದಲ್ಲಿ ಇಳಿದರೆ ಹಳೆಯ ಊರು. ಅದರ ತುದಿಗೆ ನದಿ. ನಿಬೆಲುಂಗೆನ್ ಸೇತುವೆ ದಾಟಿದರೆ ಆರ್ಸ್ ಎಲೆಕ್ಟ್ರೋನಿಕಾ ಸೆಂಟರ್.

ಈ ಸೆಂಟರ್ ವರ್ಷವಿಡೀ ನಡೆಯುವ ಮ್ಯೂಸಿಯಂ. 1996ರಲ್ಲಿ ಶುರುವಾಯಿತು. ಲಿಂಟ್ಸ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾದ 2009ರಲ್ಲಿ ಈಗಿನ ಗಾಜಿನ ಕಟ್ಟಡ ತೆರೆಯಿತು. ಗೋಡೆಯ ಗಾಜಿನ ಹಿಂದೆ ಸುಮಾರು 38,500 ಎಲ್‌ಇಡಿ ದೀಪಗಳಿವೆ, ರಾತ್ರಿ ಇಡೀ ಕಟ್ಟಡ ಬಣ್ಣ ಬದಲಿಸುತ್ತದೆ. ಸೇತುವೆಯ ಆ ಕಡೆಯಿಂದ ನೋಡಿದರೆ ಚೆಂದ. ಹತ್ತಿರ ಹೋದರೆ ಅಷ್ಟಿಲ್ಲ.

ನದಿಯ ಈ ದಡದಲ್ಲಿ, ಅಂದರೆ ಹಳೆಯ ಊರಿನ ಕಡೆ, ಲೆಂಟೋಸ್ ಕಲಾ ಮ್ಯೂಸಿಯಂ ಇದೆ. 2024ರಲ್ಲಿ ಪ್ರಶಸ್ತಿ ಗೆದ್ದ ಕೃತಿಗಳನ್ನು ಇಟ್ಟಿದ್ದು ಇಲ್ಲೇ. ಅದರ ಮುಂದೆ ನದಿಯುದ್ದಕ್ಕೂ ಡೊನಾವ್‌ಪಾರ್ಕ್ ಎಂಬ ಹುಲ್ಲುಹಾಸು, ಅದರ ಇನ್ನೊಂದು ತುದಿಗೆ ಬ್ರುಕ್ನರ್‌ಹೌಸ್ ಸಂಗೀತ ಸಭಾಂಗಣ. ಹಾಪ್ಟ್‌ಪ್ಲಾಟ್ಸ್ ತುದಿಯಲ್ಲಿ ಸೇತುವೆಯ ಎರಡೂ ಬದಿಗೆ ನಿಂತಿರುವ ಕಟ್ಟಡಗಳು ಲಿಂಟ್ಸ್ ಕಲಾ ವಿಶ್ವವಿದ್ಯಾಲಯದವು. ವಿದ್ಯಾರ್ಥಿಗಳ ಪ್ರದರ್ಶನ ಅಲ್ಲಿ ನಡೆಯುತ್ತದೆ.

ಹಬ್ಬದ ಮುಖ್ಯ ಜಾಗ ಮಾತ್ರ ಆಗಾಗ ಬದಲಾಗುತ್ತಿರುತ್ತದೆ. 2010ರಲ್ಲಿ ಹಬ್ಬ ನಡೆದದ್ದು ಆಗಲೇ ಮುಚ್ಚಿಹೋಗಿದ್ದ ತಂಬಾಕು ಕಾರ್ಖಾನೆಯಲ್ಲಿ. 2015ರಿಂದ 2019ರವರೆಗೆ ನಿಲ್ದಾಣದ ಪಕ್ಕದ ಪೋಸ್ಟ್‌ಸಿಟಿಯಲ್ಲಿ. ಅದು ಹಿಂದೆ ಅಂಚೆ ಇಲಾಖೆ ಪಾರ್ಸೆಲ್ ವಿಂಗಡಿಸುತ್ತಿದ್ದ ಭಾರೀ ಕಟ್ಟಡ. ಪಾರ್ಸೆಲ್ ಜಾರಿಸುವ ಸುರುಳಿ ಜಾರುಬಂಡೆಗಳು, ರೈಲು ಒಳಗೇ ಬರುತ್ತಿದ್ದ ದೊಡ್ಡ ಹಾಲ್, ಕೆಳಗೆ ಬಂಕರ್, ಎಲ್ಲವೂ ಹಾಗೇ ಇದ್ದವು. ಆ ರೈಲು ಹಾಲ್‌ನಲ್ಲಿ ಬ್ರುಕ್ನರ್ ಆರ್ಕೆಸ್ಟ್ರಾ ಕಛೇರಿ ಕೊಟ್ಟಿದೆ. ಕೋವಿಡ್ ಕಾಲದಲ್ಲಿ ಹಬ್ಬ ಊರ ಹೊರಗಿನ ಯೋಹಾನೆಸ್ ಕೆಪ್ಲರ್ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಹೋಯಿತು. ಖಗೋಳಶಾಸ್ತ್ರಜ್ಞ ಕೆಪ್ಲರ್ 1612ರಿಂದ 1626ರವರೆಗೆ ಇದೇ ಊರಲ್ಲಿದ್ದರು ಅನ್ನುವ ನೆಪವೂ ಸಿಕ್ಕಿತು. ಆಮೇಲೆ ಮತ್ತೆ ಪೋಸ್ಟ್‌ಸಿಟಿ. ಅಲ್ಲಿ ಕೊನೆಯ ಬಾರಿ ಅಂತ ಹೇಳಿ ನಡೆಸಿದ್ದು 2025ರಲ್ಲಿ. ಹಾಗಾಗಿ ಹಳೆಯ ಪ್ರವಾಸ ಬರಹಗಳನ್ನು ನಂಬಿ ನೇರ ಪೋಸ್ಟ್‌ಸಿಟಿಗೆ ನಡೆಯಬೇಡಿ. ಆ ವರ್ಷದ ಮುಖ್ಯ ಜಾಗ ಎಲ್ಲಿ ಅಂತ ನೋಡಿಕೊಂಡೇ ರೂಮು ಹುಡುಕಿ.

4. ಕಾರ್ಯಕ್ರಮ ಪಟ್ಟಿಯ ಜೊತೆ ಒಂದು ಸಂಜೆ ಕೂರಿ

ಇದನ್ನು ಮಾತ್ರ ಹಾರಿಸಬೇಡಿ. ಹೊರಡುವ ಮುಂಚಿನ ವಾರ ಚಹಾ ಮಾಡಿಕೊಂಡು ಕೂತು, ಪಟ್ಟಿಯಲ್ಲಿರುವುದನ್ನು ಎರಡು ರಾಶಿ ಮಾಡಿ. ಒಂದು, ಗಂಟೆ ನಿಗದಿಯಾದದ್ದು: ನೃತ್ಯ, ಸಂಗೀತ, ಡೀಪ್ ಸ್ಪೇಸ್ ಹಾಲ್‌ನ ಪ್ರದರ್ಶನ (ಅದರ ಮಾತು ಮುಂದೆ ಬರುತ್ತದೆ), ಉಪನ್ಯಾಸ, ಕಲಾವಿದರೇ ಕರೆದೊಯ್ದು ತೋರಿಸುವ ಸುತ್ತು. ಎರಡು, ಬೆಳಗ್ಗೆಯಿಂದ ಸಂಜೆಯವರೆಗೆ ತೆರೆದಿರುವುದು: ಇನ್‌ಸ್ಟಲೇಶನ್‌ಗಳು (ಒಂದು ಜಾಗದಲ್ಲಿ ಕಟ್ಟಿ ನಿಲ್ಲಿಸಿದ ಕಲಾಕೃತಿಗಳು), ವಿಶ್ವವಿದ್ಯಾಲಯಗಳ ಮಳಿಗೆಗಳು, ವಿಡಿಯೋಗಳು.

ಮೊದಲ ರಾಶಿಯಿಂದ ದಿನಕ್ಕೆ ಮೂರು ಸಾಕು. ನಾಲ್ಕನೆಯದು ಆಸೆಬುರುಕತನ. ಒಂದರಿಂದ ಇನ್ನೊಂದಕ್ಕೆ ಕನಿಷ್ಠ ಒಂದೂವರೆ ಗಂಟೆ ಅಂತರ ಇರಲಿ, ಯಾಕೆಂದರೆ ಜಾಗಗಳು ನದಿಯ ಆ ಕಡೆ, ಈ ಕಡೆ ಹರಡಿರುತ್ತವೆ. ಪ್ರದರ್ಶನದ ಜಾಗ ಚಿಕ್ಕದಾದರೆ ಪಾಸ್ ಇದ್ದರೂ ಸೀಟು ಸಿಗುತ್ತದೆ ಅಂತೇನಿಲ್ಲ. ಕೆಲವಕ್ಕೆ ಮೊದಲೇ ಹೆಸರು ಬರೆಸಬೇಕು, ಉಳಿದದ್ದಕ್ಕೆ ಮೊದಲು ಬಂದವರಿಗೆ ಮೊದಲು. ಅರ್ಧ ಗಂಟೆ ಮುಂಚೆ ಸಾಲಿನಲ್ಲಿ ನಿಲ್ಲಿ. ಶುರುವಾಗಿ ಬಾಗಿಲು ಮುಚ್ಚಿದ ಮೇಲೆ ಒಳಗೆ ಬಿಡುವುದು ಅಪರೂಪ. ಇಲ್ಲಿ ಎಂಟು ಗಂಟೆ ಅಂದರೆ ಎಂಟೇ, ನಮ್ಮ ಕಡೆಯ ಎಂಟೂವರೆ ಅಲ್ಲ.

ಯಾವುದನ್ನು ಆರಿಸುವುದು? ಪಟ್ಟಿಯಲ್ಲಿರುವ ವಿವರಣೆ ಓದಿ ತಲೆಬುಡ ಗೊತ್ತಾಗುವುದಿಲ್ಲ. ಎಷ್ಟೋ ವಿವರಣೆಗಳು ದೊಡ್ಡ ದೊಡ್ಡ ಪದಗಳಲ್ಲಿ ಏನನ್ನೂ ಹೇಳದೆ ಮುಗಿಯುತ್ತವೆ. ಅದನ್ನು ಬಿಟ್ಟು ಮೂರು ವಿಷಯ ಹುಡುಕಿ. ವೇದಿಕೆಯ ಮೇಲೆ ಮನುಷ್ಯರು ಇದ್ದಾರಾ? ಎಷ್ಟು ನಿಮಿಷ? ಎಲ್ಲಿ? ಮನುಷ್ಯರು ಇರುವುದಕ್ಕೆ ಮೊದಲ ಮಣೆ ಹಾಕಿ, ರೆಕಾರ್ಡ್ ಆದದ್ದನ್ನು ಮನೆಯಲ್ಲೂ ನೋಡಬಹುದು. 20ರಿಂದ 45 ನಿಮಿಷದ್ದು ಹೊಸಬರಿಗೆ ಹದ. ಇನ್ನು ಜಾಗದ ಮಾತು. ಮರಿಯೆನ್‌ಡೋಮ್ ಕ್ಯಾಥೆಡ್ರಲ್‌ನಲ್ಲಿ ಏನಾದರೂ ಇದ್ದರೆ ಕಣ್ಣು ಮುಚ್ಚಿ ಹೋಗಿ. ಅಷ್ಟು ಎತ್ತರದ ಕಲ್ಲಿನ ಕಟ್ಟಡದಲ್ಲಿ ಒಂದು ಶಬ್ದ ಹುಟ್ಟಿದರೆ ಸಾಯುವುದಕ್ಕೆ ಹಲವು ಸೆಕೆಂಡ್ ಬೇಕು. ಸ್ಪೀಕರ್ ಎಷ್ಟೇ ದುಬಾರಿಯಾಗಿರಲಿ, ಮನೆಯ ಕೋಣೆಯಲ್ಲಿ ಅದು ಸಿಗುವುದಿಲ್ಲ.

ಎರಡನೇ ರಾಶಿಯನ್ನು ಪಟ್ಟಿ ಮಾಡಲೇಬೇಡಿ. ಪ್ರದರ್ಶನಗಳ ನಡುವಿನ ಹೊತ್ತಿನಲ್ಲಿ ಕಾಲು ಕರೆದುಕೊಂಡು ಹೋದ ಕಡೆ ಹೋಗಿ.

5. ಡೀಪ್ ಸ್ಪೇಸ್‌ಗೆ ಒಂದು ಹೊತ್ತು ಮೀಸಲಿಡಿ

ಒಂದೇ ಒಂದು ನೋಡುವುದಕ್ಕೆ ಸಮಯ ಇದೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಸೆಂಟರ್‌ನ ಒಳಗಿರುವ ಡೀಪ್ ಸ್ಪೇಸ್ 8ಕೆ ಎಂಬ ಕತ್ತಲ ಹಾಲ್. ಎದುರಿಗೆ 16 ಮೀಟರ್ ಅಗಲ, 9 ಮೀಟರ್ ಎತ್ತರದ ಗೋಡೆ ತುಂಬ ಚಿತ್ರ. ನೆಲದ ಮೇಲೂ ಅಷ್ಟೇ ದೊಡ್ಡ ಚಿತ್ರ. ಎರಡೂ ಸೇರಿ ಒಂದೇ ದೃಶ್ಯ. ನೆಲದ ಮೇಲೆ ಯಾರು ಎಲ್ಲಿ ನಿಂತಿದ್ದಾರೆ ಎಂದು ಲೇಸರ್ ಸಂವೇದಕಗಳು ಗುರುತಿಸುತ್ತವೆ. ಹಾಗಾಗಿ ನೃತ್ಯಗಾರ್ತಿ ಹೆಜ್ಜೆ ಇಟ್ಟ ಕಡೆಗೆ ಗೆರೆಗಳು ಓಡಿ ಬರುವಂತೆ ಮಾಡಬಹುದು, ದೂರ ಸರಿಯುವಂತೆಯೂ ಮಾಡಬಹುದು.

ಜಾಗ ಆರಿಸುವುದರಲ್ಲಿ ಒಂದು ಚಿಕ್ಕ ಗುಟ್ಟು ಇದೆ. ಎಲ್ಲರೂ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಾರೆ. ಹಾಗೆ ಮಾಡಿದರೆ ನೆಲದ ಚಿತ್ರ ಕಾಣುವುದೇ ಇಲ್ಲ. ಹಿಂದೆ, ಸಾಧ್ಯವಾದರೆ ಮೇಲಿನ ಗ್ಯಾಲರಿಯಲ್ಲಿ ನಿಂತು ನೋಡಿ, ಎರಡೂ ಒಟ್ಟಿಗೆ ಸಿಗುತ್ತವೆ. ಮೂರು ಆಯಾಮದ ಕನ್ನಡಕ ಕೊಟ್ಟರೆ ಮಾತು ಬೇರೆ, ಆಗ ಮಧ್ಯದಲ್ಲಿ ನಿಂತರೇ ಸರಿ.

ಹಬ್ಬದ ದಿನ ಇಲ್ಲಿ ಜಾಗ ಸಿಗದಿದ್ದರೆ ಬೇಜಾರು ಬೇಡ. ಉಳಿದ ದಿನಗಳಲ್ಲೂ ಮ್ಯೂಸಿಯಂ ಟಿಕೆಟ್ ತಗೊಂಡರೆ ಇಲ್ಲಿ ಏನಾದರೂ ತೋರಿಸುತ್ತಿರುತ್ತಾರೆ. ಸೋಮವಾರ ಸಾಮಾನ್ಯವಾಗಿ ರಜೆ.

6. ನೋಡುವಾಗ ಏನನ್ನು ನೋಡಬೇಕು

ತಂತ್ರಜ್ಞಾನ ಇರುವ ಪ್ರದರ್ಶನದಲ್ಲಿ ಮೊದಲ ಐದು ನಿಮಿಷ ಬೆರಗಿನಲ್ಲೇ ಕಳೆದುಹೋಗುತ್ತದೆ. ಕಳೆಯಲಿ. ಆಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಈಗ ನಡೆಯುತ್ತಿದೆಯಾ, ಇಲ್ಲ ಮೊದಲೇ ಮಾಡಿಟ್ಟದ್ದನ್ನು ಓಡಿಸುತ್ತಿದ್ದಾರಾ? ಪತ್ತೆ ಮಾಡುವುದು ಸುಲಭ. ಕಲಾವಿದ ಸುಮ್ನೆ ನಿಂತಾಗ ಚಿತ್ರವೂ ನಿಲ್ಲುತ್ತದಾ ನೋಡಿ. ಕೈ ಎತ್ತಿದ ಮೇಲೆ ಶಬ್ದ ಬರುವುದಕ್ಕೆ ಒಂದಿಷ್ಟು ತಡವಾಗುತ್ತದಾ ನೋಡಿ. ಕ್ಯಾಮೆರಾ ನೋಡಿ, ಕಂಪ್ಯೂಟರ್ ಲೆಕ್ಕ ಹಾಕಿ, ಪ್ರೊಜೆಕ್ಟರ್ ತೋರಿಸುವುದಕ್ಕೆ ಸ್ವಲ್ಪ ಹೊತ್ತು ಬೇಕೇ ಬೇಕು. ಒಂದು ಚೂರೂ ತಡವಿಲ್ಲದೆ ಎಲ್ಲ ಕೂಡಿ ಬಂದರೆ, ಯಂತ್ರ ಕಲಾವಿದರನ್ನು ನೋಡುತ್ತಿಲ್ಲ, ಕಲಾವಿದರೇ ಯಂತ್ರದ ಲೆಕ್ಕಕ್ಕೆ ಕುಣಿಯುತ್ತಿರಬಹುದು. ಅದು ತಪ್ಪೇನಲ್ಲ. ಆದರೆ ಎರಡೂ ಬೇರೆ ಬೇರೆ ಕಲೆ.

ಯಂತ್ರಕ್ಕೆ ಏನು ಕಾಣುತ್ತಿದೆ ಅನ್ನುವುದು ಎರಡನೇ ಪ್ರಶ್ನೆ. ಮೈಕ್, ಕ್ಯಾಮೆರಾ, ಮೈಗೆ ಅಂಟಿಸಿದ ಸ್ನಾಯು ಸಂವೇದಕ, ತಲೆಗೆ ಕಟ್ಟಿದ ಎಲೆಕ್ಟ್ರೋಡ್, ಯಾವುದು? 1990ರಲ್ಲಿ ಇಂಟರ್‌ಆ್ಯಕ್ಟಿವ್ ಕಲೆಗೆ ಮೊದಲ ಗೋಲ್ಡನ್ ನಿಕಾ ಬಂದಿದ್ದು ಮೈರನ್ ಕ್ರೂಗರ್ ಅವರ ವಿಡಿಯೋಪ್ಲೇಸ್ ಎಂಬ ಕೃತಿಗೆ. ಅದರಲ್ಲಿ ಕ್ಯಾಮೆರಾ ನಿಮ್ಮ ನೆರಳಿನಾಕಾರವನ್ನು ಹಿಡಿದು ಪರದೆಯ ಮೇಲೆ ಹಾಕುತ್ತಿತ್ತು. ನೀವು ಬೆರಳಾಡಿಸಿದರೆ ಪರದೆಯ ಮೇಲಿನ ಚಿತ್ರ ಬದಲಾಗುತ್ತಿತ್ತು. ಇಂದಿನ ಎಷ್ಟೋ ದುಬಾರಿ ಇನ್‌ಸ್ಟಲೇಶನ್‌ಗಳ ಅಜ್ಜ ಅದೇ. ಮೊಮ್ಮಕ್ಕಳಲ್ಲಿ ಎಲ್ಲರೂ ಅಜ್ಜನಷ್ಟು ಚುರುಕಲ್ಲ, ಅದು ಬೇರೆ ಮಾತು.

ಕೊನೆಗೆ ಒಂದು ಒರಟು ಪರೀಕ್ಷೆ: ಯಂತ್ರವನ್ನು ತೆಗೆದುಬಿಟ್ಟರೆ ಇಲ್ಲಿ ಏನು ಉಳಿಯುತ್ತದೆ? ಏನೂ ಉಳಿಯದಿದ್ದರೆ ಅದು ಡೆಮೊ. ಎಲ್ಲವೂ ಹಾಗೇ ಉಳಿದರೆ ಯಂತ್ರ ಬರೀ ಅಲಂಕಾರ. ನನಗೆ ಇಷ್ಟವಾಗುವುದು ಇವೆರಡರ ಮಧ್ಯೆ ಇರುವಂಥವು. ಕೆನ್ ಗೋಲ್ಡ್‌ಬರ್ಗ್ ಮತ್ತು ಸಂಗಡಿಗರ ಟೆಲಿಗಾರ್ಡನ್ ಅಂಥದ್ದು. 1995ರಲ್ಲಿ ಶುರುವಾಗಿ, 1996ರಿಂದ 2004ರವರೆಗೆ ಇದೇ ಲಿಂಟ್ಸ್ ಸೆಂಟರ್‌ನಲ್ಲಿತ್ತು. ಒಂದು ಪುಟ್ಟ ಕೈತೋಟ, ಮಧ್ಯದಲ್ಲಿ ರೋಬೋ ಕೈ. ಜಗತ್ತಿನ ಯಾವುದೋ ಮೂಲೆಯಲ್ಲಿ ಕೂತವರು ಇಂಟರ್ನೆಟ್‌ನಲ್ಲಿ ಆ ಕೈಯನ್ನು ನಡೆಸಿ ಬೀಜ ನೆಡುತ್ತಿದ್ದರು, ನೀರು ಹಾಕುತ್ತಿದ್ದರು. ಮುಖ ನೋಡದವರ ಗಿಡಕ್ಕೂ ನೀರು ಹಾಕಬೇಕಾ ಬೇಡವಾ ಅನ್ನುವ ಪ್ರಶ್ನೆ ರೋಬೋದ್ದಲ್ಲ, ನಮ್ಮದು.

ಮುಟ್ಟಿ ಆಡಿಸುವ ಕೃತಿಗಳ ಮುಂದೆ ಒಂದು ಸಣ್ಣ ಶಿಸ್ತು ಇಟ್ಟುಕೊಳ್ಳಿ. ಹೋದ ಕೂಡಲೇ ಕೈ ಹಾಕಬೇಡಿ. ಇನ್ನೊಬ್ಬರು ಆಡಿಸುವುದನ್ನು ಸ್ವಲ್ಪ ಹೊತ್ತು ನೋಡಿ. ಎಷ್ಟೋ ಬಾರಿ ಆಡಿಸುವವರಿಗಿಂತ ನೋಡುವವರಿಗೇ ಜಾಸ್ತಿ ಅರ್ಥವಾಗುತ್ತದೆ. ಕೆಲಸ ಮಾಡದ ಕೃತಿಯೂ ಸಿಗುತ್ತದೆ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ ಹುಡುಗನ ಮುಖ ನೋಡಿದರೇ ಗೊತ್ತಾಗುತ್ತದೆ. ಸಂಜೆ ಮತ್ತೆ ಬನ್ನಿ.

7. ಶನಿವಾರ ರಾತ್ರಿ ನದಿ ದಡಕ್ಕೆ

ಶನಿವಾರದ ಆ ದೊಡ್ಡ ಕಾರ್ಯಕ್ರಮದ ಹೆಸರು ಕ್ಲಾಂಗ್‌ವೋಲ್ಕೆ, ಅಂದರೆ ಶಬ್ದದ ಮೋಡ. ಮೊದಲ ಹಬ್ಬದಿಂದಲೂ ಇದೆ. 1979ರಲ್ಲಿ ಇದನ್ನು ಮಾಡಿಸಿದವರು ವಾಲ್ಟರ್ ಹಾಪ್ಟ್. ಸಂಗೀತ ಸಂಯೋಜಕ ಆಂಟೋನ್ ಬ್ರುಕ್ನರ್ ಅವರ ಎಂಟನೇ ಸಿಂಫನಿಯನ್ನು ಡೊನಾವ್‌ಪಾರ್ಕ್‌ನಲ್ಲಿ ದೊಡ್ಡ ಸ್ಪೀಕರ್‌ಗಳಲ್ಲಿ ಕೇಳಿಸಿದರು. ರೇಡಿಯೋದಲ್ಲೂ ಅದು ಬರುತ್ತಿದ್ದದ್ದರಿಂದ ಊರಿನವರು ರೇಡಿಯೋಗಳನ್ನು ಕಿಟಕಿಯಲ್ಲಿಟ್ಟರು. ಸುಮಾರು ಒಂದು ಲಕ್ಷ ಜನ ಸೇರಿದ್ದರಂತೆ. ಸಭಾಂಗಣದ ಒಳಗಿನ ಸಂಗೀತ ಅವತ್ತು ಬೀದಿಗೆ ಬಂತು. ಈಗ ಇದು ಬೆಳಕು, ದೋಣಿ, ಕ್ರೇನ್, ಪಟಾಕಿ ಎಲ್ಲ ಸೇರಿದ ಕಾರ್ಯಕ್ರಮ. ನೋಡಲು ದುಡ್ಡು ಬೇಡ.

ಡ್ರೋನ್ ಶೋಗಳು ನಿಮಗೆ ಗೊತ್ತಿರುತ್ತವೆ. 2022ರ ಬೀಟಿಂಗ್ ರಿಟ್ರೀಟ್‌ನಲ್ಲಿ ದೆಹಲಿಯ ಆಕಾಶದಲ್ಲಿ 1,000 ಡ್ರೋನ್ ಹಾರಿದವು. ಮೈಸೂರು ದಸರೆಯಲ್ಲೂ 2024ರಲ್ಲಿ ಬನ್ನಿಮಂಟಪದ ಮೈದಾನದ ಮೇಲೆ ಹಾರಿದವು. ಆ ಬಗೆಯ ಆಟದ ಮೊದಲ ಹೆಜ್ಜೆಗಳಲ್ಲಿ ಒಂದು ಇದೇ ನದಿ ದಡದ್ದು. 2012ರ ಸೆಪ್ಟೆಂಬರ್ 1ರ ಕ್ಲಾಂಗ್‌ವೋಲ್ಕೆಯಲ್ಲಿ ಆರ್ಸ್ ಎಲೆಕ್ಟ್ರೋನಿಕಾದ ಪ್ರಯೋಗಾಲಯವಾದ ಫ್ಯೂಚರ್‌ಲ್ಯಾಬ್‌ನವರು ಬಣ್ಣದ ದೀಪ ಕಟ್ಟಿದ 49 ಕ್ವಾಡ್‌ಕಾಪ್ಟರ್ ಡ್ರೋನ್‌ಗಳನ್ನು ಒಟ್ಟಿಗೆ ಹಾರಿಸಿದರು. 2015ರಲ್ಲಿ ಇಂಟೆಲ್ ಕಂಪನಿಯ ಜೊತೆ ಸೇರಿ ಜರ್ಮನಿಯಲ್ಲಿ 100 ಹಾರಿಸಿ ಗಿನ್ನೆಸ್ ದಾಖಲೆ ಮಾಡಿದ್ದೂ ಅವರೇ. 49 ಅನ್ನುವುದು ಈಗ ಮದುವೆ ಮನೆಯ ಸಂಖ್ಯೆ. ಆಗ ಅಷ್ಟನ್ನು ಡಿಕ್ಕಿಯಾಗದಂತೆ ಸಾಲಾಗಿ ಹಾರಿಸುವುದೇ ಸಾಹಸ.

ಹೋಗುವುದು ಹೀಗೆ. ಸೂರ್ಯ ಮುಳುಗುವುದು ಏಳೂವರೆ ಸುಮಾರಿಗೆ, ಕತ್ತಲಾದ ಮೇಲೆಯೇ ಆಟ. ಒಂದು ಗಂಟೆ ಮೊದಲೇ ಹೋಗಿ ಲೆಂಟೋಸ್‌ಗೂ ಬ್ರುಕ್ನರ್‌ಹೌಸ್‌ಗೂ ನಡುವಿನ ಹುಲ್ಲಿನ ಮೇಲೆ ಜಾಗ ಹಿಡಿಯಿರಿ. ಸ್ಪೀಕರ್ ಕಂಬಗಳ ಬುಡದಲ್ಲಿ ಬೇಡ, ನಡುವೆ ಕೂತರೆ ಶಬ್ದ ಎಲ್ಲ ಕಡೆಯಿಂದ ಬರುತ್ತದೆ. ಹುಲ್ಲು ತೇವ ಇರುತ್ತದೆ, ಹಾಸಿಕೊಳ್ಳಲು ಏನಾದರೂ ಇರಲಿ. ಸ್ವೆಟರ್, ಮಳೆ ಜಾಕೆಟ್ ಬೇಕೇ ಬೇಕು. ಕೊಡೆ ತರಬೇಡಿ, ಹಿಂದೆ ಕೂತವರು ಬೈಯುತ್ತಾರೆ. ಮುಗಿದ ಕೂಡಲೇ ಟ್ರಾಮ್ ಹತ್ತಲು ಹೋದರೆ ನೂಕುನುಗ್ಗಲು. ಲಾಂಡ್‌ಸ್ಟ್ರಾಸೆ ಹಿಡಿದು ನಿಲ್ದಾಣಕ್ಕೆ ನಡೆದರೆ ಅರ್ಧ ಗಂಟೆ ಚಿಲ್ಲರೆ, ದಾರಿ ಸಪಾಟು.

8. ಊಟ, ಕಿವಿ, ಮಕ್ಕಳು

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ರುಚಿಯ ಆಸೆ ಮಾತ್ರ ಜಾಸ್ತಿ ಇಟ್ಟುಕೊಳ್ಳಬೇಡಿ. ಚೀಸ್ ಹಾಕಿದ ಕೇಸೆಶ್ಪೆಟ್ಸ್‌ಲೆ ಎಂಬ ಹಿಟ್ಟಿನ ತಿನಿಸು ಸಿಗುತ್ತದೆ, ಹೊಟ್ಟೆ ತುಂಬುತ್ತದೆ. ಲಿಂಟ್ಸರ್ ಟೋರ್ಟೆ ಈ ಊರಿನದೇ ಕೇಕು. ಅದರ ಪಾಕವಿಧಾನ 1653ರ ಕೈಬರಹದಲ್ಲೇ ಇದೆ. ಮೊಟ್ಟೆ ತಿನ್ನದವರು ಎರಡನ್ನೂ ಕೇಳಿ ತಗೊಳ್ಳಿ. ಭಾನುವಾರ ದಿನಸಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಶನಿವಾರವೇ ಏನಾದರೂ ತಂದಿಟ್ಟುಕೊಳ್ಳಿ. ನಲ್ಲಿ ನೀರು ಕುಡಿಯಬಹುದು, ಬಾಟಲಿ ಇದ್ದರೆ ಸಾಕು.

ರಾತ್ರಿಯ ಎಲೆಕ್ಟ್ರಾನಿಕ್ ಸಂಗೀತ ಕಾರ್ಯಕ್ರಮಗಳಿಗೆ ಇಯರ್‌ಪ್ಲಗ್ ಇಲ್ಲದೆ ಹೋಗಬೇಡಿ. ಬೆಳಕು ಪಟಪಟ ಮಿನುಗುವ ಪ್ರದರ್ಶನಗಳ ಬಾಗಿಲಲ್ಲಿ ಎಚ್ಚರಿಕೆ ಹಾಕಿರುತ್ತಾರೆ. ಮೂರ್ಛೆರೋಗ ಅಥವಾ ಮೈಗ್ರೇನ್ ಇರುವವರು ಅದನ್ನು ಓದಿಯೇ ಒಳಗೆ ಹೋಗಿ.

ಮಕ್ಕಳನ್ನು ಧಾರಾಳವಾಗಿ ಕರೆದುಕೊಂಡು ಬನ್ನಿ. ಅವರಿಗೆಂದೇ ಕ್ರಿಯೇಟ್ ಯುವರ್ ವರ್ಲ್ಡ್ ಎಂಬ ಭಾಗ ಇದೆ. ಬೆಸುಗೆ ಹಾಕುವುದು, ರೋಬೋ ಕಟ್ಟುವುದು, ಶಬ್ದ ಮಾಡುವುದು, ಎಲ್ಲ ಕೈಯಾರೆ. ದೊಡ್ಡವರ ಪ್ರದರ್ಶನಕ್ಕಿಂತ ಅಲ್ಲೇ ಹೆಚ್ಚು ಜೀವ ಇದೆ ಅಂತ ನನಗೆ ಅನ್ನಿಸುವುದುಂಟು.

9. ಕಲಾವಿದರನ್ನು ಮಾತಾಡಿಸಿ

ಸಿನಿಮಾ ಹಬ್ಬಗಳಲ್ಲಿ ಸಿಗದ ಒಂದು ಅನುಕೂಲ ಇಲ್ಲಿದೆ. ಕೃತಿ ಮಾಡಿದವರು ಸಾಮಾನ್ಯವಾಗಿ ಅದರ ಪಕ್ಕದಲ್ಲೇ ನಿಂತಿರುತ್ತಾರೆ, ಯಾಕೆಂದರೆ ಅದು ಕೆಟ್ಟರೆ ಸರಿ ಮಾಡಬೇಕಲ್ಲ. ಇದರ ಅರ್ಥ ಏನು ಅಂತ ಕೇಳಿದರೆ ಬಾಯಿಪಾಠ ಒಪ್ಪಿಸುತ್ತಾರೆ. ಇದು ಯಾವಾಗ ಕೈಕೊಡುತ್ತದೆ, ಮೊದಲು ಹೇಗಿತ್ತು, ಏನನ್ನು ಬಿಟ್ಟಿರಿ ಅಂತ ಕೇಳಿ. ಕಣ್ಣು ಅರಳುತ್ತದೆ, ಸರ್ಕ್ಯೂಟ್ ಬಿಚ್ಚಿ ತೋರಿಸುತ್ತಾರೆ. ಇಂಗ್ಲಿಷ್ ಎಲ್ಲ ಕಡೆ ನಡೆಯುತ್ತದೆ. ಫೋಟೋ ತೆಗೆಯಬಹುದು, ಫ್ಲ್ಯಾಶ್ ಬೇಡ. ಪ್ರದರ್ಶನದ ಮಧ್ಯೆ ಕತ್ತಲಲ್ಲಿ ಫೋನ್ ಎತ್ತಿ ಹಿಡಿಯುವುದಂತೂ ಬೇಡವೇ ಬೇಡ.

10. ನೀವೇ ಏನಾದರೂ ಮಾಡುವವರಾದರೆ

ಪ್ರಿ ಆರ್ಸ್ ಎಲೆಕ್ಟ್ರೋನಿಕಾಗೆ ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಶುಲ್ಕ ಇಲ್ಲ. ಸಾಮಾನ್ಯವಾಗಿ ಜನವರಿಯಲ್ಲಿ ತೆರೆದು ಮಾರ್ಚ್ ಶುರುವಿನಲ್ಲಿ ಮುಚ್ಚುತ್ತದೆ. ವಿಭಾಗಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ, ಸಂಗೀತ ಮತ್ತು ಶಬ್ದ ಕಲೆಯ ವಿಭಾಗ ಪ್ರತಿ ವರ್ಷ ಇರುವುದಿಲ್ಲ. ಯುರೋಪಿಯನ್ ಕಮಿಷನ್‌ನ ಸ್ಟಾರ್ಟ್ಸ್ ಪ್ರಶಸ್ತಿಯ (ವಿಜ್ಞಾನ, ತಂತ್ರಜ್ಞಾನ, ಕಲೆ ಸೇರಿದ ಕೆಲಸಕ್ಕೆ ಕೊಡುವುದು) ಅರ್ಜಿಯೂ ಇದರ ಜೊತೆಗೇ ಬರುತ್ತದೆ. 2016ರಲ್ಲಿ ಶುರುವಾದ ಅದರಲ್ಲಿ ತಲಾ 20,000 ಯುರೋಗಳ ಎರಡು ಮುಖ್ಯ ಬಹುಮಾನಗಳಿವೆ. ಅರ್ಜಿಯಲ್ಲಿ ಎಲ್ಲಕ್ಕಿಂತ ಮುಖ್ಯ ವಿಡಿಯೋ. ತೀರ್ಪುಗಾರರ ಮುಂದೆ ಸಾವಿರಾರು ಅರ್ಜಿ ಇರುತ್ತವೆ. ಸಂಗೀತ ಹಾಕಿದ ಜಾಹೀರಾತಿನಂಥ ವಿಡಿಯೋ ಬೇಡ. ಕೃತಿಯ ಮುಂದೆ ನಿಜವಾದ ಜನ ಏನು ಮಾಡುತ್ತಾರೆ ಅಂತ ಎರಡು ಮೂರು ನಿಮಿಷದಲ್ಲಿ ಕಾಣಲಿ.

ಇದನ್ನು ಓದಬೇಕು ಅನ್ನುವವರಿಗೆ ಲಿಂಟ್ಸ್ ಕಲಾ ವಿಶ್ವವಿದ್ಯಾಲಯದಲ್ಲಿ ಇಂಟರ್‌ಫೇಸ್ ಕಲ್ಚರ್ಸ್ ಎಂಬ ಸ್ನಾತಕೋತ್ತರ ಕೋರ್ಸ್ ಇದೆ. ಕ್ರಿಸ್ಟಾ ಸೊಮ್ಮರರ್ ಮತ್ತು ಲೊರಾಂ ಮಿನ್ಯೊನೊ 2004ರಲ್ಲಿ ಶುರು ಮಾಡಿದ್ದು. ಪಾಠ ಇಂಗ್ಲಿಷ್‌ನಲ್ಲಿ, ವಿದ್ಯಾರ್ಥಿಗಳು ಹಲವು ದೇಶದವರು. ಹಬ್ಬದ ದಿನ ಹಾಪ್ಟ್‌ಪ್ಲಾಟ್ಸ್‌ನ ಅವರ ಪ್ರದರ್ಶನಕ್ಕೆ ಹೋಗಿ ಫೀಸು, ಮನೆ ಬಾಡಿಗೆ, ಪ್ರವೇಶ ಪರೀಕ್ಷೆ ಎಲ್ಲ ಅಲ್ಲೇ ಕೇಳಬಹುದು.

ಲಿಂಟ್ಸ್‌ಗೆ ಹೋಗಲಾಗದವರು ಬೆಂಗಳೂರಿನಲ್ಲಿ ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ ಬೆಂಗಳೂರಿನಿಂದ ಶುರು ಮಾಡಬಹುದು. 2024ರ ಜನವರಿಯಲ್ಲಿ ತೆರೆದದ್ದು, ಪ್ರವೇಶ ಉಚಿತ. ವಿಜ್ಞಾನಿಗಳೂ ಕಲಾವಿದರೂ ಸೇರಿ ಮಾಡಿದ ಪ್ರದರ್ಶನಗಳು ಅಲ್ಲಿ ಇರುತ್ತವೆ. ವಿವರಿಸಲು ನಿಂತಿರುವ ಯುವಕ ಯುವತಿಯರು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳಬಹುದು, ಕೇಳಿ ನೋಡಿ. ಬಿಫ್ಯಾಂಟಾಸ್ಟಿಕ್ ಎಂಬ ತಂಡವೂ ಬೆಂಗಳೂರಿನದೇ. ಕಲೆ ಮತ್ತು ತಂತ್ರಜ್ಞಾನದ ಕಾರ್ಯಾಗಾರ, ಹಬ್ಬಗಳನ್ನು ನಡೆಸುತ್ತದೆ. ಅವರ ಕಾರ್ಯಾಗಾರಗಳಿಗೆ ಅರ್ಜಿ ಕರೆದಾಗ ಕೋಡಿಂಗ್ ಬಾರದ ಕಲಾವಿದರೂ ಧೈರ್ಯವಾಗಿ ಹಾಕಬಹುದು.